ಹಿಮಾಲಯನ್ ಬೈಕಿನ ಮುಂಭಾಗವನ್ನು ಮನೆಯಲ್ಲಿಯೇ ಎತ್ತಲು ಯಾವ ಜಾಕ್ ಕೊಳ್ಳಬೇಕು?

ಸಾಗರದ ಸವಾರ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ಬಿ.ಎಸ್. 6 ಮಾದರಿ. ಎರಡು ತಿಂಗಳಿನಿಂದ ಹ್ಯಾಂಡಲ್ ನೇರಕ್ಕೆ ಬಂದಾಗಲೆಲ್ಲ ಒಂದು ಕಚ್ಚಿನಲ್ಲಿ ಕೂತಂತೆ ಅನಿಸುತ್ತದೆ; ಮುಂದಿನ ಬ್ರೇಕ್ ಹಿಡಿದರೆ ಅಂಗೈಗೆ ಸಣ್ಣ ಹೊಡೆತ ತಟ್ಟುತ್ತದೆ. ಕೋನ್‌ಸೆಟ್ (ಹ್ಯಾಂಡಲ್ ತಿರುಗಲು ಆಧಾರವಾದ ಬೇರಿಂಗುಗಳ ಜೋಡಿ) ಸವೆದಿದೆ ಎಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಹೊಸ ಬೇರಿಂಗ್‌ಗಳನ್ನು ತರಿಸಿಟ್ಟುಕೊಂಡಿದ್ದೇನೆ. ಹಿಂದೊಮ್ಮೆ ಬೇರೆ ಕೆಲಸಕ್ಕೆಂದು ಗಾಡಿಯನ್ನು ಒಂದು ಗ್ಯಾರೇಜಿನಲ್ಲಿ ಬಿಟ್ಟಿದ್ದಾಗ, ಅಲ್ಲಿ ಅದನ್ನು ಎಂಜಿನ್ನಿನ ತಳಕ್ಕೆ ನೇರವಾಗಿ ಜಾಕ್ ಕೊಟ್ಟು ಎತ್ತಿದ್ದನ್ನು ಕಣ್ಣಾರೆ ಕಂಡು ಸಂಕಟವಾಗಿತ್ತು. ಆದ್ದರಿಂದ ಈ ಸಲ ಕೆಲಸವನ್ನು ನಾನೇ, ಅವಸರವಿಲ್ಲದೆ, ಮನೆಯಲ್ಲಿ ಮಾಡಬೇಕೆಂದಿದ್ದೇನೆ.

ತೊಡಕು ಇರುವುದು ಎತ್ತುವುದರಲ್ಲಿ. ಸೆಂಟರ್ ಸ್ಟ್ಯಾಂಡ್ ಹಾಕಿದರೆ ಹಿಂದಿನ ಚಕ್ರ ಮೇಲೇಳುತ್ತದೆ, ಮುಂದಿನದು ನೆಲದ ಮೇಲೆಯೇ ಉಳಿಯುತ್ತದೆ. ಕೋನ್‌ಸೆಟ್ ಬದಲಿಸಲು ಮುಂದಿನ ಚಕ್ರ, ಅದನ್ನು ಹಿಡಿದಿರುವ ಎರಡೂ ಫೋರ್ಕ್, ಕೊನೆಗೆ ಆ ಫೋರ್ಕುಗಳನ್ನು ಜೋಡಿಸುವ ಕೆಳಗಿನ ಟಿ ಕೂಡ ಹೊರಬರಬೇಕಾದ್ದರಿಂದ ಗಾಡಿಯ ಮುಂಭಾಗ ಒಂದೆರಡು ದಿನವಾದರೂ ಗಾಳಿಯಲ್ಲಿ ನಿಲ್ಲಬೇಕು. ಶಿವಮೊಗ್ಗದ ಅಂಗಡಿಯೊಂದರಲ್ಲಿ ಮೂರು ಬಗೆಯ ಜಾಕ್ ನೋಡಿ ಬಂದೆ: ಗಾಲಿಗಳ ಮೇಲೆ ಉರುಳುವ 2 ಟನ್ನಿನ ಚಿಕ್ಕ ಟ್ರಾಲಿ ಜಾಕ್, 3 ಟನ್ನಿನ ಭಾರದ ಟ್ರಾಲಿ ಜಾಕ್, ಮತ್ತು ಬಾಟಲಿಯಂತೆ ನೆಟ್ಟಗೆ ನಿಲ್ಲುವ 2 ಟನ್ನಿನ ಬಾಟಲ್ ಜಾಕ್. ಅಂಗಡಿಯವರು ‘3 ಟನ್ನಿನದನ್ನೇ ಒಯ್ಯಿರಿ, ಗಟ್ಟಿ ಇರುತ್ತದೆ’ ಎಂದರು. ನನ್ನ ಕಾರಿನ ಡಿಕ್ಕಿಯಲ್ಲಿ ತಿರುಗಿಸುವ ಜಾಕ್ ಒಂದು ಇದ್ದೇ ಇದೆ.

ಕೇಳಬೇಕಾದದ್ದು ಇಷ್ಟು. ಯಾವ ಜಾಕ್ ತೆಗೆದುಕೊಳ್ಳಲಿ? ಅದನ್ನು ಗಾಡಿಯ ಯಾವ ಭಾಗಕ್ಕೆ ಕೊಡಲಿ? ನಮ್ಮ ಶೆಡ್ಡಿನ ನೆಲ ಒರಟು ಸಿಮೆಂಟಿನದು, ಮಳೆನೀರು ಹರಿದು ಹೋಗಲೆಂದು ಬಾಗಿಲಿನ ಕಡೆಗೆ ಸ್ವಲ್ಪ ಇಳಿಜಾರೂ ಇದೆ, ಅದರಿಂದ ತೊಂದರೆಯೇ? ತಮ್ಮನ ಕೆ.ಟಿ.ಎಂ. 390 ಡ್ಯೂಕ್‌ಗೂ ಅದೇ ಜಾಕ್ ಬಳಸಬಹುದಾದರೆ ಅನುಕೂಲ.

ಹಳೆಯ ಗ್ಯಾರೇಜ್, ಹುಬ್ಬಳ್ಳಿ

ಸವಾರರೇ, ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸದಲ್ಲಿ ಇರುವವನಾಗಿ ಹೇಳುತ್ತೇನೆ: ಬೈಕಿಗೆ ಜಾಕ್ ಕೊಳ್ಳುವಾಗ ಟನ್ನಿನ ಲೆಕ್ಕವನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ನಿಮ್ಮ ಗಾಡಿಯ ತೂಕ 199 ಕೆ.ಜಿ. ಅಷ್ಟನ್ನೂ ಒಂದೇ ಜಾಕ್ ಹೊತ್ತರೂ ಅದು 2 ಟನ್ನಿನ ಹತ್ತನೆಯ ಒಂದು ಪಾಲು ಮಾತ್ರ. ಸೆಂಟರ್ ಸ್ಟ್ಯಾಂಡ್ ಉಳಿದ ಭಾರವನ್ನು ಹೊರುವಾಗ ಅದಕ್ಕಿಂತಲೂ ಕಡಿಮೆ. 3 ಟನ್ನಿನ ಜಾಕ್ ಕಾರಿಗೆ ಒಳ್ಳೆಯದೇ, ಆದರೆ ಅದರ ತೂಕವೇ ಮೂವತ್ತು ಕೆ.ಜಿ.ಯ ಆಸುಪಾಸು ಇರುವುದರಿಂದ ಬೈಕಿನ ಅಡಿಯಲ್ಲಿ ಬೆರಳಷ್ಟು ಈಚೆ, ಬೆರಳಷ್ಟು ಆಚೆ ಸರಿಸಿ ಹೊಂದಿಸುವುದು ಒಬ್ಬರೇ ಇರುವಾಗ ಕಷ್ಟ. ಮೇಲಾಗಿ, ಕಡಿಮೆ ಭಾರದಲ್ಲಿ ದೊಡ್ಡ ಜಾಕಿನ ಇಳಿಸುವ ವಾಲ್ವ್ ನಯವಾಗಿ ಕೆಲಸ ಮಾಡುವುದಿಲ್ಲ. ತಿರುಗಿಸಿದರೂ ಮೊದಲು ಅಲುಗದೆ ನಿಂತು, ಆಮೇಲೆ ಒಮ್ಮೆಲೇ ಜಾರುವುದನ್ನು ಹಲವು ಸಲ ಕಂಡಿದ್ದೇನೆ.

ನೋಡಬೇಕಾದದ್ದು ಬೇರೆ. ಪೂರ್ತಿ ಇಳಿದಾಗ ಜಾಕ್ ಎಷ್ಟು ಎತ್ತರ ಇರುತ್ತದೆ, ಪೂರ್ತಿ ಏರಿದಾಗ ಎಷ್ಟು, ತಲೆಯ ಬಟ್ಟಲು ಎಷ್ಟು ಅಗಲ, ಏರುವಾಗ ಅದು ನೆಟ್ಟಗೆ ಏರುತ್ತದೆಯೋ ಓರೆಯಾಗಿ ಸರಿಯುತ್ತದೆಯೋ. ಚಿಕ್ಕ ಟ್ರಾಲಿ ಜಾಕುಗಳು ಸಾಮಾನ್ಯವಾಗಿ 135 ಮಿ.ಮೀ.ನಿಂದ 330 ಮಿ.ಮೀ.ವರೆಗೆ ಏರುತ್ತವೆ. ನಿಮ್ಮ ಗಾಡಿಯ ನೆಲದೆತ್ತರ 220 ಮಿ.ಮೀ. ಇರುವುದರಿಂದ ಜಾಕ್ ಸುಲಭವಾಗಿ ಒಳಗೆ ಹೋಗುತ್ತದೆ, ಮೇಲೆ ಮರದ ತುಂಡು ಇಡಲೂ ಜಾಗ ಉಳಿಯುತ್ತದೆ. ಬಟ್ಟಲು ಮಾತ್ರ ಚಿಕ್ಕದು, ಅದರ ಅಂಚಿನಲ್ಲಿ ಹಲ್ಲುಗಳಿರುತ್ತವೆ. ಅದು ಕಾರಿನ ತಳದ ಅಂಚಿಗೆಂದು ಮಾಡಿದ್ದು. ಬೈಕಿಗೆ ಹಾಗೆಯೇ ಕೊಟ್ಟರೆ ಒಂದೇ ಬಿಂದುವಿನ ಮೇಲೆ ಇಡೀ ಗಾಡಿ ಅತ್ತಿತ್ತ ವಾಲುತ್ತದೆ. ಬಾಟಲ್ ಜಾಕ್ ಅಂತೂ ತಲೆ ಇನ್ನೂ ಚಿಕ್ಕದು, ಬುಡ ಇಕ್ಕಟ್ಟು. ಅದನ್ನು ಬೈಕಿನ ಅಡಿಗೆ ಕೊಡಲು ನಾನು ಒಪ್ಪುವುದಿಲ್ಲ.

ಎಲ್ಲಿ ಕೊಡಬೇಕು ಎಂಬುದಕ್ಕೆ ಉತ್ತರ: ಚಾಸಿಯ ಕೊಳವೆಗಳಿಗೆ. ಎಂಜಿನ್ ಆಯಿಲ್ ತುಂಬಿರುವ ತಳಕ್ಕೆ ಅಲ್ಲ, ಡ್ರೇನ್ ಬೋಲ್ಟಿಗೆ ಅಲ್ಲ, ಸೈಲೆನ್ಸರ್ ಕೊಳವೆಗೆ ಅಂತೂ ಅಲ್ಲವೇ ಅಲ್ಲ. ಎಂಜಿನ್ ಕೇಸ್ ಎರಕದ ಅಲ್ಯೂಮಿನಿಯಂ. ಅದು ಬಗ್ಗುವುದಿಲ್ಲ, ಸೀಳುತ್ತದೆ. ಕೂದಲೆಳೆಯಷ್ಟು ಸೀಳಿದರೂ ಆಯಿಲ್ ಜಿನುಗುವುದು ನಿಲ್ಲುವುದಿಲ್ಲ. ಹಿಮಾಲಯನ್ ಚಾಸಿಯ ಮುಂದಿನ ಕೊಳವೆ ಕೆಳಗೆ ಬಂದು ಎರಡಾಗಿ ಕವಲೊಡೆದು ಎಂಜಿನ್ನನ್ನು ತೊಟ್ಟಿಲಿನಂತೆ ಹಿಡಿದಿರುತ್ತದೆ. ಎಂಜಿನ್ನಿಗೆ ಕಲ್ಲೇಟು ತಾಗದಂತೆ ಕಾಯುವ ತಳದ ಬ್ಯಾಶ್ ಪ್ಲೇಟನ್ನು ಬಿಚ್ಚಿ, ಬೆನ್ನ ಮೇಲೆ ಮಲಗಿ, ಟಾರ್ಚ್ ಹಾಕಿ ಆ ಎರಡು ಕೊಳವೆಗಳನ್ನು ಗುರುತಿಸಿಕೊಳ್ಳಿ. ಎರಡಕ್ಕೂ ಅಡ್ಡಲಾಗಿ ಆನುವಷ್ಟು ಉದ್ದದ ಗಟ್ಟಿ ಮರದ ತುಂಡೊಂದನ್ನು ಕತ್ತರಿಸಿಕೊಂಡು, ಎಂಜಿನ್ನಿನ ತಳ ಕೊಳವೆಗಿಂತ ಕೆಳಗೆ ಇಳಿದಿದ್ದರೆ ಅಷ್ಟು ಭಾಗವನ್ನು ಕೆತ್ತಿ ತೆಗೆದು, ಮೇಲೆ ಹಳೆಯ ಟ್ಯೂಬಿನ ರಬ್ಬರ್ ಸುತ್ತಿದರೆ ಬಟ್ಟಲಿನ ಇಕ್ಕಟ್ಟು ತೀರುತ್ತದೆ. ನಿಮ್ಮ ಕಡೆ ಹಲಸಿನ ಮರಕ್ಕೆ ಕೊರತೆಯಿಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಮೆದು ಮರ ಬೇಡ, ಅದು ಎಳೆಗುಂಟ ಸೀಳುತ್ತದೆ.

ಮುಖ್ಯವಾದ ಇನ್ನೊಂದು ಮಾತು. ಜಾಕ್ ಇರುವುದು ಎತ್ತಲು, ಹೊತ್ತು ನಿಲ್ಲಲು ಅಲ್ಲ. ಒಳಗಿನ ರಬ್ಬರ್ ಸೀಲ್ ಸ್ವಲ್ಪ ಸೋತಿದ್ದರೂ ರಾತ್ರಿ ಬೆಳಗಾಗುವುದರಲ್ಲಿ ಅದು ಇಳಿದಿರುತ್ತದೆ. ಬೇಕಾದ ಎತ್ತರ ಬಂದೊಡನೆ ಎರಡೂ ಕೊಳವೆಗಳ ಅಡಿಗೆ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಜೋಡಿಸಿ, ಭಾರವನ್ನು ಅವುಗಳ ಮೇಲೆ ಕೂರಿಸಿ. ಇಟ್ಟಿಗೆ ಬೇಡ, ಟೊಳ್ಳು ಸಿಮೆಂಟ್ ಬ್ಲಾಕ್ ಖಂಡಿತ ಬೇಡ. ಅವು ಯಾವ ಸೂಚನೆಯನ್ನೂ ಕೊಡದೆ ಪುಡಿಯಾಗುತ್ತವೆ. ಹಿಂದಿನ ಚಕ್ರ ಮತ್ತು ನೆಲದ ನಡುವಿನ ಜಾಗಕ್ಕೂ ಒಂದು ಹಲಗೆ ತುರುಕಿ ಇಟ್ಟರೆ ಗಾಡಿ ಹಿಂದಕ್ಕೆ ವಾಲುವುದಿಲ್ಲ.

ಬಿಗಿಯಾದ ನಟ್ಟುಗಳನ್ನೆಲ್ಲ ಗಾಡಿ ನೆಲದ ಮೇಲೆ ಇರುವಾಗಲೇ ಸಡಿಲಿಸಿಕೊಳ್ಳಿ. ಮುಂದಿನ ಆಕ್ಸಲ್ ನಟ್, ಟಿಯ ಬೋಲ್ಟುಗಳು, ಮೇಲಿನ ದೊಡ್ಡ ನಟ್, ಯಾವುದನ್ನೂ ಮರೆಯಬೇಡಿ. ಎತ್ತಿ ನಿಲ್ಲಿಸಿದ ಮೇಲೆ ಉದ್ದನೆಯ ಸ್ಪ್ಯಾನರ್ ಹಾಕಿ ಜಗ್ಗುವುದೆಂದರೆ ಗಾಡಿಯನ್ನು ನಾವೇ ಕೆಡವಿದಂತೆ. ನನ್ನ ಕಲಿಕೆಯ ದಿನಗಳಲ್ಲಿ ನಾನು ಹಾಗೆಯೇ ಒಂದು ಬುಲೆಟ್ ಕೆಡವಿದ್ದೆ. ಟ್ಯಾಂಕಿನ ಮೇಲೆ ಬಿದ್ದ ಗುಳಿಗೆ ಮೂರು ತಿಂಗಳ ಸಂಬಳ ಹೋಯಿತು. ಕೈ ಅಡಿಯಲ್ಲಿ ಇರಲಿಲ್ಲ ಎಂಬುದೊಂದೇ ಅಂದಿನ ಭಾಗ್ಯ.

ಯಂತ್ರಪಾಠ

ಹಳೆಯ ಗ್ಯಾರೇಜ್ ಅವರ ಉತ್ತರಕ್ಕೆ ಬಹುಪಾಲು ನನ್ನ ಸಹಮತವಿದೆ. ನಾನು ದಾವಣಗೆರೆಯಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಮೆಕ್ಯಾನಿಕಲ್ ವಿಷಯ ಕಲಿಸುವವಳು, ನನ್ನ ಬಳಿಯೂ ಹಿಮಾಲಯನ್ ಇದೆ. ಎರಡು ವಿಷಯಗಳನ್ನು ಸೇರಿಸಬೇಕು, ಒಂದನ್ನು ತಿದ್ದಬೇಕು.

ಮೊದಲನೆಯದು ಟ್ರಾಲಿ ಜಾಕಿನ ಚಲನೆ. ಅದರ ತೋಳು ಹಿಡಿಕೆಯ ಕಡೆಯ ಒಂದು ಕೀಲಿನ ಸುತ್ತ ತಿರುಗುತ್ತ ಏರುತ್ತದೆಯೇ ಹೊರತು ನೆಟ್ಟಗೆ ಏರುವುದಿಲ್ಲ. ತೋಳಿನ ಉದ್ದ 25 ಸೆಂ.ಮೀ. ಎಂದೂ ಅದು ನೆಲಕ್ಕೆ ಸಮಾನಾಂತರವಾಗಿ ಆರಂಭಿಸುತ್ತದೆ ಎಂದೂ ಇಟ್ಟುಕೊಂಡರೆ, 10 ಸೆಂ.ಮೀ. ಏರುವಾಗ ಬಟ್ಟಲು ಹಿಡಿಕೆಯ ಕಡೆಗೆ ಸುಮಾರು 2 ಸೆಂ.ಮೀ. ಸರಿಯುತ್ತದೆ, 15 ಸೆಂ.ಮೀ. ಏರಿದರೆ 5 ಸೆಂ.ಮೀ. ಕಾರಿನ ಅಡಿಯಲ್ಲಿ ಇದು ಗೊತ್ತಾಗುವುದಿಲ್ಲ, ಏಕೆಂದರೆ ಕಾರು ಅಲುಗದೆ ನಿಂತಿರುತ್ತದೆ, ಜಾಕಿನ ಗಾಲಿಗಳು ಉರುಳಿ ಆ ವ್ಯತ್ಯಾಸವನ್ನು ತುಂಬಿಕೊಳ್ಳುತ್ತವೆ. ಬೈಕಿನಲ್ಲಿ ಪರಿಸ್ಥಿತಿ ತಿರುಗುಮುರುಗು. ನಾವು ಜಾಕನ್ನು ಪಕ್ಕದಿಂದ ಒಳಗೆ ತಳ್ಳುತ್ತೇವೆ. ಒರಟು ಸಿಮೆಂಟಿನಲ್ಲಿ ಆ ಚಿಕ್ಕ ಗಾಲಿಗಳು ಸಿಕ್ಕಿಕೊಂಡರೆ ಬಟ್ಟಲು ಗಾಡಿಯನ್ನೇ ಹಿಡಿಕೆಯ ಕಡೆಗೆ, ಅಂದರೆ ನಮ್ಮ ಮೈಮೇಲೆ, ಎಳೆಯುತ್ತದೆ. ಸವಾರರೇ, ನಿಮ್ಮ ನೆಲದ ಬಗ್ಗೆ ನನ್ನ ಆತಂಕ ಇದೇ. ಟ್ರಾಲಿ ಜಾಕನ್ನೇ ಬಳಸುವುದಾದರೆ ಅದರ ಅಡಿಗೆ ಸಮತಟ್ಟಾದ ಪ್ಲೈವುಡ್ ಅಥವಾ ದಪ್ಪ ತಗಡನ್ನು ಹಾಸಿ, ಗಾಲಿ ಉರುಳುತ್ತಿರುವುದನ್ನು ಪ್ರತಿ ಒತ್ತಿಗೂ ನೋಡುತ್ತಿರಿ.

ಬೈಕಿಗೆಂದೇ ಮಾಡಿದ, ಬೋಲ್ಟ್ ತಿರುಗಿಸಿ ಏರಿಸುವ ಅಗಲ ತಲೆಯ ಕತ್ತರಿ ಜಾಕ್ ಈಗ ಸಿಗುತ್ತದೆ. ಅದು ನೆಟ್ಟಗೆ ಏರುತ್ತದೆ, ಅದರ ತಟ್ಟೆಯ ಮೇಲೆ ರಬ್ಬರ್ ಇರುತ್ತದೆ, ಎಣ್ಣೆಯೂ ಸೀಲೂ ಇಲ್ಲದ್ದರಿಂದ ತಾನಾಗಿ ಇಳಿಯುವ ಭಯವಿಲ್ಲ. ಸುಮಾರು 500 ಕೆ.ಜಿ. ಹೊರುವ ಮಾದರಿ ಧಾರಾಳವಾಗಿ ಸಾಕು. ನಿಮ್ಮ ಕೆಲಸಕ್ಕೆ ನನ್ನ ಆಯ್ಕೆ ಅದೇ. ಕಾರಿನ ಡಿಕ್ಕಿಯಲ್ಲಿರುವ ಜಾಕ್ ನೋಡಲು ಅದರಂತೆಯೇ ಕಂಡರೂ ಅದರ ತಲೆ ಬೆರಳಗಲ, ಬುಡ ಗೇಣಗಲ. ಅದನ್ನು ಬಳಸಬೇಡಿ.

ಎರಡನೆಯದು ತೂಕದ ಹಂಚಿಕೆ. ಸೆಂಟರ್ ಸ್ಟ್ಯಾಂಡಿನ ಪಾದಗಳನ್ನು ಸನ್ನೆಗೋಲಿನ ಆನಿಕೆ ಎಂದು ಭಾವಿಸಿ. ಗಾಡಿಯ ಗುರುತ್ವ ಕೇಂದ್ರ ಆ ಪಾದಗಳಿಗಿಂತ ಸ್ವಲ್ಪವೇ ಮುಂದಿರುವುದರಿಂದ ಮುಂದಿನ ಚಕ್ರ ನೆಲದಲ್ಲಿದೆ. ನೀವು ಮುಂದಿನ ಚಕ್ರ, ಡಿಸ್ಕ್, ಎರಡು ಫೋರ್ಕ್, ಟಿ ಎಲ್ಲವನ್ನೂ ಕಳಚಿದಾಗ ಮುಂಗಡೆಯಿಂದ ಇಪ್ಪತ್ತು ಕೆ.ಜಿ.ಗೂ ಮೀರಿದ ತೂಕ ಹೊರಟುಹೋಗುತ್ತದೆ. ಅದೂ ಆನಿಕೆಯಿಂದ ಬಹು ದೂರದಲ್ಲಿದ್ದ ತೂಕ. ಆಗ ಕೇಂದ್ರ ಹಿಂದಕ್ಕೆ ಸರಿದು, ಜಾಕಿನ ಮೇಲಿನ ಭಾರ ಕಡಿಮೆಯಾಗಿ, ಗಾಡಿ ಮೆಲ್ಲನೆ ಹಿಂದಕ್ಕೆ ಕೂರುತ್ತದೆ. ಭಾರ ಹೆಚ್ಚಾಗಿ ಜಾಕ್ ಸೋಲುವ ಅಪಾಯಕ್ಕಿಂತ, ಭಾರ ತಪ್ಪಿ ಜಾಕ್ ಜಾರುವ ಅಪಾಯವೇ ಇಲ್ಲಿ ದೊಡ್ಡದು.

ತಿದ್ದುಪಡಿ ಇರುವುದು ಹಲಗೆಯ ವಿಷಯದಲ್ಲಿ. ಹಿಂದಿನ ಚಕ್ರದ ಅಡಿಗೆ ಹಲಗೆ ಬೇಕು, ಆದರೆ ಎತ್ತುವ ಮೊದಲೇ ಇಡಬಾರದು. ಮುಂಭಾಗ ಏರಿದಂತೆ ಹಿಂದಿನ ಚಕ್ರ ಇಳಿಯಲೇಬೇಕು; ಅಲ್ಲಿ ಜಾಗ ಇಲ್ಲದಿದ್ದರೆ ಗಾಡಿ ಹಿಂದಿನ ಟೈರಿನ ಮೇಲೆ ತಿರುಗಿ, ಸ್ಟ್ಯಾಂಡಿನ ಪಾದಗಳೇ ನೆಲ ಬಿಟ್ಟು ಮೇಲೇಳುತ್ತವೆ. ಭಾರವಿಲ್ಲದ ಸ್ಟ್ಯಾಂಡನ್ನು ಅದರ ಸ್ಪ್ರಿಂಗ್ ಕ್ಷಣದಲ್ಲಿ ಮಡಚಿಬಿಡುತ್ತದೆ. ಆದ್ದರಿಂದ ಮೊದಲು ಸ್ಟ್ಯಾಂಡಿನ ಪಾದಗಳ ಅಡಿಗೆ 20 ಮಿ.ಮೀ. ಪ್ಲೈವುಡ್ ಇಟ್ಟು ಗಾಡಿಯನ್ನು ಅದರ ಮೇಲೆ ನಿಲ್ಲಿಸಿ; ಹಿಂದಿನ ಚಕ್ರಕ್ಕೆ ಇಳಿಯಲು ಅಷ್ಟು ಹೆಚ್ಚಿನ ಅವಕಾಶ ಸಿಗುತ್ತದೆ. ಸ್ಟ್ಯಾಂಡಿನ ಕಾಲನ್ನು ಚಾಸಿಯ ಮುಂದಿನ ಕೊಳವೆಗೆ ಪಟ್ಟಿಯಿಂದ ಬಿಗಿದರೆ ಅದು ಹಿಂದಕ್ಕೆ ಮಡಚಲಾರದು. ಬಳಿಕ ಮುಂಭಾಗವನ್ನು ಎತ್ತಿ, ಚಕ್ರ ನೆಲ ಬಿಟ್ಟ ಮೇಲೆ ಹಿಂದೆ ಉಳಿದ ಸಂದಿಗೆ ಹಲಗೆಯನ್ನು ಕೊಡಿ. ಎತ್ತುವಾಗ ಮೊದಲ ಕೆಲವು ಸೆಂಟಿಮೀಟರ್‌ಗಳಲ್ಲಿ ಫೋರ್ಕ್ ನೀಳವಾಗುತ್ತದೆಯೇ ಹೊರತು ಚಕ್ರ ಮೇಲೇಳುವುದಿಲ್ಲ, ಗಾಬರಿ ಬೇಡ.

ಸಾಗರದ ಸವಾರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಡಂ, ಹಲಗೆಯನ್ನು ಮೊದಲೇ ಇಡುವುದರ ಅಪಾಯ ನನಗೆ ಎಂದೂ ಹೊಳೆಯುತ್ತಿರಲಿಲ್ಲ. ಎರಡು ಸಂದೇಹಗಳು ಉಳಿದಿವೆ. ನಮ್ಮ ಶೆಡ್ಡಿಗೆ ಹಳೆಯ ಮನೆಯ ತೊಲೆಯೊಂದು ಅಡ್ಡಲಾಗಿದೆ. ಗಾಡಿಯನ್ನು ಅದಕ್ಕೆ ತೂಗುಹಾಕಿದರೆ ಜಾಕೇ ಬೇಡವಾಗುತ್ತದೆಯೇ? ಇಳಿಜಾರಿನಲ್ಲಿ ಗಾಡಿಯ ಮುಖ ಯಾವ ಕಡೆಗಿರಬೇಕು?

ಹಳೆಯ ಗ್ಯಾರೇಜ್, ಹುಬ್ಬಳ್ಳಿ

ಹಲಗೆಯ ವಿಷಯದಲ್ಲಿ ಮೇಡಂ ಹೇಳಿದ್ದೇ ಸರಿ. ನಾವು ಮಾಡುವಾಗ ಒಬ್ಬ ಹುಡುಗ ಹಿಂದೆ ನಿಂತು ನೋಡಿಕೊಂಡು ಸರಿಯಾದ ಹೊತ್ತಿಗೆ ಹಲಗೆ ತುರುಕುತ್ತಾನೆ. ಅದು ಕೈಗೆ ರೂಢಿಯಾಗಿ ಹೋಗಿ, ಬರೆಯುವಾಗ ಬಿಟ್ಟುಹೋಯಿತು. ಒಬ್ಬರೇ ಮಾಡುವವರಿಗೆ ಅದೇ ಮುಖ್ಯ ಹಂತ. ತಿದ್ದಿದ್ದಕ್ಕೆ ಋಣಿ.

ತೊಲೆ ಗಟ್ಟಿ ಮರದ್ದಾಗಿದ್ದು ಎರಡೂ ತುದಿಗಳು ಗೋಡೆಯಲ್ಲಿ ಭದ್ರವಾಗಿದ್ದರೆ ಬಹಳ ಒಳ್ಳೆಯದು, ಆದರೆ ಅದನ್ನು ಎತ್ತುವುದಕ್ಕೆ ಬಳಸದೆ ಕಾವಲಿಗೆ ಬಳಸಿ. ಎತ್ತುವುದು ಜಾಕ್, ಹೊರುವುದು ದಿಮ್ಮಿ, ಒಂದು ವೇಳೆ ಎರಡೂ ತಪ್ಪಿದರೆ ತಡೆಯುವುದು ಪಟ್ಟಿ. ಲಾರಿಯವರು ಸರಕು ಬಿಗಿಯುವ ರ‍್ಯಾಚೆಟ್ ಪಟ್ಟಿಗಳು ಎರಡು ಸಾಕು. ಅವನ್ನು ಹ್ಯಾಂಡಲ್‌ಗೆ ಕಟ್ಟಬೇಡಿ, ಏಕೆಂದರೆ ಮೇಲಿನ ಟಿ ಜೊತೆಗೆ ಹ್ಯಾಂಡಲ್ ಹೊರಬರುತ್ತದೆ. ಟ್ಯಾಂಕ್ ತೆಗೆದ ಮೇಲೆ ಕಾಣುವ ಚಾಸಿಯ ಮೇಲಿನ ಕೊಳವೆಗೆ ಸುತ್ತಿ, ಎಡಕ್ಕೊಂದು ಬಲಕ್ಕೊಂದು ಎಳೆದು ಕಟ್ಟಿ; ಅಡ್ಡಡ್ಡ ವಾಲುವುದನ್ನು ತಡೆಯುವುದು ಈ ಜೋಡಿಯೇ. ಅಡಿಕೆ ದಬ್ಬೆಗೆ, ತಗಡಿನ ಮಾಡಿನ ಕಬ್ಬಿಣದ ಪೈಪಿಗೆ ಎಂದಿಗೂ ಕಟ್ಟಬೇಡಿ.

ಇಳಿಜಾರಿಗೆ ನನ್ನ ನಿಯಮ: ಗಾಡಿಯ ಮುಖ ಏರಿನ ಕಡೆಗಿರಲಿ. ಸೆಂಟರ್ ಸ್ಟ್ಯಾಂಡ್ ಮಡಚುವುದು ಗಾಡಿ ಮುಂದಕ್ಕೆ ಸರಿದಾಗ. ಮುಖ ಏರಿನತ್ತ ಇದ್ದರೆ ಹಾಗೆ ಸರಿಯುವ ಸಂಭವ ಕಡಿಮೆ. ಅಡ್ಡ ಇಳಿಜಾರು ಇದ್ದರೆ ಮಾತ್ರ ಆ ಜಾಗವೇ ಬೇಡ, ಬೇರೆ ಜಾಗ ಹುಡುಕಿ. ಹಲಗೆಯ ಮೇಲೆ ಹಿಂದಿನ ಚಕ್ರ ಕೂತ ಬಳಿಕ ಒಂದನೆಯ ಗೇರಿನಲ್ಲಿಡಿ.

ಜೆ.ಸಿ. ರಸ್ತೆಯ ಗಿರಾಕಿ

ತಡವಾಗಿ ಬಂದಿದ್ದೇನೆ, ಕ್ಷಮೆ ಇರಲಿ. ಡ್ಯೂಕ್ ಬಗ್ಗೆ ಯಾರೂ ಹೇಳಿಲ್ಲ. ಆ ಗಾಡಿಯದು ಟ್ರೆಲಿಸ್ ಚಾಸಿ, ಅಂದರೆ ಕೊಳವೆಗಳನ್ನು ಜಾಲರಿಯಂತೆ ಬೆಸೆದದ್ದು. ಎಂಜಿನ್ನಿನ ಅಡಿಯಲ್ಲಿ ಹಾದುಹೋಗುವ ಕೊಳವೆಗಳೇ ಇಲ್ಲ, ಎಂಜಿನ್ನೇ ಚಾಸಿಯ ಒಂದು ಭಾಗವಾಗಿ ತೂಗುತ್ತದೆ. ಹಿಮಾಲಯನ್‌ಗೆ ಹೊಂದುವ ಜಾಕನ್ನು ಅದರ ಅಡಿಗೆ ಕೊಡುವುದು ತಪ್ಪಾಗುತ್ತದೆ. ಸೆಂಟರ್ ಸ್ಟ್ಯಾಂಡೂ ಇಲ್ಲ. ಅದಕ್ಕೆ ಚಕ್ರದ ಬಳಿ ಕೊಟ್ಟು ಗಾಡಿಯನ್ನು ಎತ್ತಿ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡೇ ದಾರಿ: ಹಿಂದಿನ ಚಕ್ರವನ್ನು ಹಿಡಿದ ತೋಳಾದ ಸ್ವಿಂಗ್ ಆರ್ಮ್‌ನಲ್ಲಿ ಇರುವ ರಂಧ್ರಗಳಿಗೆ ಬಾಬಿನ್ (ಸ್ಟ್ಯಾಂಡಿನ ಕೊಕ್ಕೆ ಕೂರುವ ಗುಬುಟು) ಹಾಕಿ ಹಿಂಭಾಗವನ್ನು ಎತ್ತಬಹುದು, ಚೈನ್ ತೊಳೆಯಲು, ಎಣ್ಣೆ ಹಚ್ಚಲು, ಹಿಂದಿನ ಟೈರ್ ಬಿಚ್ಚಲು ಅಷ್ಟು ಸಾಕು. ಬೆಂಗಳೂರಿಗೆ ಬಂದರೆ ಜೆ.ಸಿ. ರಸ್ತೆಯಲ್ಲಿ ಜಾಕ್, ಪ್ಯಾಡಾಕ್ ಸ್ಟ್ಯಾಂಡ್ ಎರಡನ್ನೂ ಕಣ್ಣಾರೆ ನೋಡಿ ಕೊಳ್ಳಬಹುದು. ಬೆಸುಗೆಯ ಜಾಗಗಳನ್ನು ಬೆರಳಿನಿಂದ ಸವರಿ ನೋಡಿ. ಬಣ್ಣದ ಅಡಿಯಲ್ಲಿ ಗುಳ್ಳೆಯೋ ತೂತೋ ಇದ್ದರೆ ಬೇಡ ಎನ್ನಿ.

ಮುಂದೊಮ್ಮೆ ಹೈಡ್ರಾಲಿಕ್ ಜಾಕ್ ಕೊಳ್ಳುವವರಿಗೆ ಒಂದು ಮಾತು. ಅದಕ್ಕೆ ಜಾಕ್ ಆಯಿಲನ್ನೇ ಹಾಕಬೇಕು. ಬ್ರೇಕ್ ಆಯಿಲ್ ಹಾಕಿದರೆ ಸೀಲುಗಳು ಉಬ್ಬಿ ಕೆಟ್ಟುಹೋಗುತ್ತವೆ. ನಾನು ಕೈಯಾರೆ ಒಂದು ಜಾಕನ್ನು ಹಾಗೆ ಹಾಳುಮಾಡಿದ್ದೇನೆ. ಹಿಡಿಕೆ ಒತ್ತಿದರೆ ಸ್ಪಂಜಿನಂತೆ ಅನಿಸಿದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಭಾರವಿಲ್ಲದಾಗ ವಾಲ್ವ್ ತೆರೆದಿಟ್ಟು ಹತ್ತು ಹದಿನೈದು ಸಲ ಒತ್ತಿದರೆ ಗಾಳಿ ಹೊರಹೋಗುತ್ತದೆ.

ಸಾಗರದ ಸವಾರ

ಹಿರಿಯರೆಲ್ಲರ ಮಾತಿನಂತೆ ಕೆಲಸ ಮುಗಿಸಿ ಬರೆಯುತ್ತಿದ್ದೇನೆ. ಅಗಲ ತಲೆಯ ಕತ್ತರಿ ಜಾಕನ್ನೇ ಕೊಂಡೆ. ಹಲಸಿನ ತುಂಡನ್ನು ಪರಿಚಯದ ಬಡಗಿಯವರು ಎಂಜಿನ್ನಿನ ತಳಕ್ಕೆ ತಾಗದಂತೆ ಕೆತ್ತಿಕೊಟ್ಟರು. ಟ್ಯಾಂಕನ್ನು ಮೊದಲೇ ಖಾಲಿ ಮಾಡಿ ತೆಗೆದಿದ್ದೆ. 20 ಮಿ.ಮೀ. ಪ್ಲೈವುಡ್ ಮೇಲೆ ಸ್ಟ್ಯಾಂಡ್ ಹಾಕಲು ಹೆಚ್ಚು ಬಲ ಬೇಕಾಯಿತು, ತಮ್ಮ ಹಿಂದಿನಿಂದ ಎಳೆದುಕೊಟ್ಟ. ಚಕ್ರ ನೆಲದಿಂದ ಮೂರು ಬೆರಳು ಮೇಲೆದ್ದಾಗ ಹಿಂದೆ ಉಳಿದಿದ್ದ ಸಂದಿ ಒಂದು ಬೆರಳಿನಷ್ಟು ಮಾತ್ರ. ಅಲ್ಲಿಗೆ ನಿಲ್ಲಿಸಿ ಹಲಗೆ ಕೊಟ್ಟೆ.

ಮೇಡಂ ಹೇಳಿದ ಹಿಂದಕ್ಕೆ ಕೂರುವ ಕ್ಷಣ ಎರಡನೆಯ ಫೋರ್ಕ್ ಹೊರಬಂದಾಗ ಬಂತು. ಜಾಕಿನ ಮೇಲಿಟ್ಟ ಮರದ ತುಂಡು ಕೈಯಿಂದ ಅಲುಗಾಡಿಸುವಷ್ಟು ಸಡಿಲವಾಯಿತು, ಗಾಡಿ ಹಿಂದಿನ ಹಲಗೆಯ ಮೇಲೆ ಕೂತಿತು, ತೊಲೆಯ ಪಟ್ಟಿಗಳು ಬಿಗಿದವು. ಹಲಗೆ ಇಲ್ಲದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಹಳೆಯ ಬೇರಿಂಗಿನ ಕೆಳಗಿನ ಬಟ್ಟಲಿನಲ್ಲಿ ಸಾಲಾಗಿ ಗುಳಿಗಳು ಬಿದ್ದಿದ್ದವು, ಗ್ರೀಸ್ ಒಣಗಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಈಗ ಹ್ಯಾಂಡಲ್ ಎಲ್ಲಿಯೂ ಕಚ್ಚದೆ ತಿರುಗುತ್ತದೆ.

ಹಳೆಯ ಗ್ಯಾರೇಜ್, ಹುಬ್ಬಳ್ಳಿ

ಓದಿ ಸಂತೋಷವಾಯಿತು. ಹೊಸ ಕೋನ್‌ಸೆಟ್ ಕೂತುಕೊಳ್ಳುವಾಗ ಸ್ವಲ್ಪ ಸಡಿಲವಾಗುವುದುಂಟು. 500 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಮುಂಭಾಗ ಎತ್ತಿ, ಎರಡೂ ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಜಗ್ಗಿ ನೋಡಿ. ಟಕ್ ಎಂದರೆ ಬೇರಿಂಗನ್ನು ಸ್ವಲ್ಪ ಬಿಗಿಯಬೇಕಾಗುತ್ತದೆ. ಆ ಹಲಸಿನ ತುಂಡು ಮತ್ತು ಪ್ಲೈವುಡ್ ಮೇಲೆ ಗಾಡಿಯ ಹೆಸರು ಬರೆದು ತೆಗೆದಿರಿಸಿ.